ಸಾಕ್ಷಿಯ ಪಟವೂ ಕಲೆಯ ಪಟವೂ

ಛಾಯಾಚಿತ್ರವು ಸುಳ್ಳು ಹೇಳಲಾರದೆಂಬ ನಂಬಿಕೆಯು ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಚಿತ್ರಕಾರನು ಬರೆದುದರಲ್ಲಿ ಅವನ ಕಲ್ಪನೆಯು ಸೇರಿರಬಹುದು. ಬೆಳಕೇ ಬರೆದುದರಲ್ಲಿ ಕಲ್ಪನೆಗೆ ಎಡೆಯೆಲ್ಲಿ ಎಂದು ಜನರು ಭಾವಿಸುವರು. ಈ ನಂಬಿಕೆಯಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ನಮ್ಮ ಹೆಣ್ಣುಮಕ್ಕಳೂ ಅವರ ತಾಯಿತಂದೆಗಳೂ ಅರಿತಿರುವುದು ಈಗ ಅತ್ಯವಶ್ಯವಾಗಿದೆ. ಯಾಕಂದರೆ ಇಂದು ಮನೆಮನೆಯಲ್ಲಿ ಮೊಬೈಲ್ ಫೋನ್ ಇದೆ, ಪಟವನ್ನು ತೆಗೆಯುವ ಯಂತ್ರವೂ ಅದನ್ನು ತಿದ್ದುವ ಸಾಧನವೂ ಅದರೊಳಗೇ ಇವೆ.

ಛಾಯಾಚಿತ್ರಗಳಲ್ಲಿ ಕಲೆಗಾಗಿ ತೆಗೆದವು ಕೆಲವು, ವರ್ತಮಾನಪತ್ರಿಕೆಗಾಗಿ ತೆಗೆದವು ಕೆಲವು. ಮೊದಲನೆಯ ಬಗೆಯು ನಮ್ಮ ಮುಂದೆ ಒಂದು ಭಾವವನ್ನಿಡುವುದು. ಎರಡನೆಯದು ‘ಇದು ಹೀಗೆ ನಡೆಯಿತು, ನಾನು ಕಂಡೆನು’ ಎಂದು ಸಾಕ್ಷಿ ನುಡಿಯುವುದು. ಯಂತ್ರವೂ ಒಂದೇ, ಬೆಳಕೂ ಒಂದೇ. ನೋಡುವವರಿಗೆ ಕೊಟ್ಟ ಮಾತು ಮಾತ್ರ ಬೇರೆ. ಪಟವನ್ನು ತಿದ್ದುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಉತ್ತರವು ಈ ಮಾತಿನಲ್ಲಿಯೇ ಇದೆ.

1857ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕಲಾಪ್ರದರ್ಶನದಲ್ಲಿ ಆಸ್ಕರ್ ರೇಲಾಂಡರ್ ಎಂಬವನು ‘ಜೀವನದ ಎರಡು ಮಾರ್ಗಗಳು’ ಎಂಬ ದೊಡ್ಡ ಪಟವೊಂದನ್ನಿಟ್ಟನು. ಅದರಲ್ಲಿ ವೃದ್ಧನೊಬ್ಬನು ಇಬ್ಬರು ಯುವಕರನ್ನು ಕರೆತರುತ್ತಾನೆ. ಒಂದು ಕಡೆ ದುಡಿಮೆಯೂ ಭಕ್ತಿಯೂ, ಇನ್ನೊಂದು ಕಡೆ ಜೂಜೂ ಭೋಗವೂ ಕಾದಿವೆ. ಬೇರೆ ಬೇರೆಯಾಗಿ ತೆಗೆದ 30ಕ್ಕಿಂತ ಹೆಚ್ಚು ನೆಗೆಟಿವುಗಳನ್ನು ಜೋಡಿಸಿ ಇದನ್ನು ಮಾಡಿದ್ದನು. ವಿಕ್ಟೋರಿಯಾ ರಾಣಿಯವರೇ ಇದರ ಪ್ರತಿಯೊಂದನ್ನು ಕೊಂಡರು. ಇದು ದೃಷ್ಟಾಂತಚಿತ್ರವೆಂಬುದು ಹೆಸರಿನಿಂದಲೇ ತಿಳಿಯುತ್ತಿದ್ದುದರಿಂದ ಇದರಲ್ಲಿ ಮೋಸವೇನೂ ಇರಲಿಲ್ಲ. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಎಂಬವನು 5 ನೆಗೆಟಿವುಗಳನ್ನು ಕೂಡಿಸಿ, ಮರಣಶಯ್ಯೆಯಲ್ಲಿರುವ ಬಾಲಿಕೆಯ ಪಟವನ್ನು ಮಾಡಿದಾಗ, ಇಂಥ ದುಃಖವನ್ನು ಪಟ ತೆಗೆಯಬಹುದೇ ಎಂದು ಹಲವರು ನೊಂದರು. ಆ ಬಾಲಿಕೆಯಾದರೋ ಆರೋಗ್ಯವಂತಳಾಗಿದ್ದು, ಚಿತ್ರಕ್ಕಾಗಿ ಮಲಗಿದವಳು! ಕಲೆಯನ್ನು ಸಾಕ್ಷಿಯೆಂದು ತಿಳಿದರೆ ಮನಸ್ಸು ಎಷ್ಟು ಗಲಿಬಿಲಿಗೊಳ್ಳುವುದೆಂಬುದನ್ನು ಇದರಿಂದ ನೋಡಬಹುದು.

ಇನ್ನು ಸಾಕ್ಷಿಯ ಪಟದ ಬಲವನ್ನು ನೋಡೋಣ. ಆಫ್ರಿಕಾ ಖಂಡದ ಕಾಂಗೋ ದೇಶವು ಆಗ ಬೆಲ್ಜಿಯಮಿನ ದೊರೆಯಾದ 2ನೆಯ ಲಿಯೋಪೋಲ್ಡನ ವಶದಲ್ಲಿತ್ತು. ರಬ್ಬರಿಗಾಗಿ ಅಲ್ಲಿಯ ಜನರನ್ನು ಹಿಂಸಿಸುತ್ತಿದ್ದರೆಂಬ ವರದಿಗಳು ಬಂದರೂ ಅವೆಲ್ಲ ಅತಿಶಯೋಕ್ತಿಯೆಂದು ದೊರೆಯ ಕಡೆಯವರು ತಳ್ಳಿಹಾಕುತ್ತಿದ್ದರು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಮಹಿಳೆಯು, ತನ್ನ ಪುಟ್ಟ ಮಗಳ ಕಡಿದ ಕೈಕಾಲುಗಳನ್ನು ಮುಂದಿಟ್ಟುಕೊಂಡು ಕುಳಿತ ನ್ಸಾಲಾ ಎಂಬ ತಂದೆಯ ಪಟವನ್ನು ತೆಗೆದರು. ಇಂಥ ಪಟಗಳನ್ನು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮಾಯಾದೀಪದ ಮೂಲಕ ಸಭೆಗಳಲ್ಲಿ ತೋರಿಸಿದಾಗ ಜನರ ಮನಸ್ಸು ಕದಲಿತು. 1908ರಲ್ಲಿ ಕಾಂಗೋ ಲಿಯೋಪೋಲ್ಡನ ಕೈ ತಪ್ಪಿ ಬೆಲ್ಜಿಯಮ್ ಸರಕಾರಕ್ಕೆ ಸೇರಿತು. ಆ ಪಟದಲ್ಲಿ ಒಂದು ಗೆರೆಯನ್ನಾದರೂ ಕೈಯಿಂದ ಕೂಡಿಸಿದ್ದರೆ ಏನಾಗುತ್ತಿತ್ತು? ಅಪರಾಧಿಯು ಆ ಒಂದು ಗೆರೆಯನ್ನೇ ಹಿಡಿದು ಸತ್ಯವೆಲ್ಲವನ್ನೂ ಸುಳ್ಳೆನ್ನುತ್ತಿದ್ದನು.

ಇದಕ್ಕೆ ವಿರೋಧವಾದ ಉದಾಹರಣೆಗಳೂ ಉಂಟು. ರಷ್ಯಾ ದೇಶದಲ್ಲಿ ಸ್ಟಾಲಿನನ ಪಕ್ಕದಲ್ಲಿ ಕಾಲುವೆಯ ದಡದಲ್ಲಿ ನಿಂತಿದ್ದ ಯೆಝೋವ್ ಎಂಬ ಅಧಿಕಾರಿಯನ್ನು 1940ರಲ್ಲಿ ಕೊಲ್ಲಿಸಿದರು. ಪಟದಿಂದಲೂ ಅಳಿಸಿ ಆ ಸ್ಥಳದಲ್ಲಿ ನೀರನ್ನು ತುಂಬಿದರು. 2003ರಲ್ಲಿ ಇರಾಕಿನ ಯುದ್ಧಭೂಮಿಯಲ್ಲಿದ್ದ ಅಮೆರಿಕದ ಪತ್ರಿಕಾ ಛಾಯಾಗ್ರಾಹಕನೊಬ್ಬನು, ಸ್ವಲ್ಪ ಅಂತರದಲ್ಲಿ ತೆಗೆದ ಎರಡು ಪಟಗಳನ್ನು ಕೂಡಿಸಿ ಹೆಚ್ಚು ಚೆಂದವಾದ ಒಂದನ್ನು ಮಾಡಿ ಕಳುಹಿಸಿದನು. ಗುಂಪಿನೊಳಗಿನ ಕೆಲವರು ಎರಡೆರಡು ಸಲ ಕಾಣಿಸಿದ್ದರಿಂದ ಗುಟ್ಟು ರಟ್ಟಾಗಿ, ಪತ್ರಿಕೆಯವರು ಅವನನ್ನು ಕೆಲಸದಿಂದ ತೆಗೆದರು. ಎರಡು ಪಟಗಳೂ ಬೇರೆ ಬೇರೆಯಾಗಿ ಸತ್ಯವೇ. ಕೂಡಿಸಿದುದು ಮಾತ್ರ ಎಂದೂ ನಡೆಯದ ಸಂಗತಿ.

ಹಾಗಾದರೆ ಪತ್ರಿಕೆಯ ಪಟವನ್ನು ಮುಟ್ಟಲೇಬಾರದೋ ಎಂದು ಕೆಲವರು ಕೇಳಬಹುದು. ಹಾಗಲ್ಲ. ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಬೆಳಕು ಬೀಳುವಾಗ ಒಂದು ಭಾಗಕ್ಕೆ ಕೈಯನ್ನು ಮರೆಮಾಡಿದರೆ ಆ ಭಾಗವು ತಿಳಿಯಾಗುವುದು, ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಕಪ್ಪಾಗುವುದು. ಅಸ್ಪಷ್ಟವಾದುದನ್ನು ಕಾಣುವಂತೆ ಮಾಡಲು ಇದನ್ನು ಮೊದಲಿನಿಂದಲೂ ಒಪ್ಪಿದ್ದಾರೆ. ಆದಾಗ್ಯೂ ಇದಕ್ಕೂ ಎಲ್ಲೆಯುಂಟು. 1994ರಲ್ಲಿ ಅಮೆರಿಕದಲ್ಲಿ ಕೊಲೆಯ ಆಪಾದನೆಗೊಳಗಾದ ಓ. ಜೆ. ಸಿಂಪ್ಸನ್ ಎಂಬ ಕರಿಯ ಆಟಗಾರನ ಪಟವನ್ನು ಎರಡು ವಾರಪತ್ರಿಕೆಗಳು ಮುಖಪುಟದಲ್ಲಿ ಅಚ್ಚುಹಾಕಿದವು. ‘ನ್ಯೂಸ್‌ವೀಕ್’ ಇದ್ದಂತೆಯೇ ಕೊಟ್ಟಿತು. ‘ಟೈಮ್’ ಅದನ್ನು ಇನ್ನಷ್ಟು ಕಪ್ಪಾಗಿಸಿತು. ವಿಚಾರಣೆಗೆ ಮುನ್ನವೇ ಆತನನ್ನು ದುಷ್ಟನಂತೆ ತೋರಿಸಿದರೆಂದು ದೇಶದಲ್ಲೆಲ್ಲಾ ಆಕ್ಷೇಪವೆದ್ದಿತು. ಬಣ್ಣವೊಂದೇ ಬದಲಾದರೂ ತೀರ್ಪು ಬದಲಾಗಬಹುದು.

ಪಟದ ಕೆಳಗಿನ ಬರಹವೂ ಪ್ರಮಾಣಿಕವಾಗಿರಬೇಕು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯಿ ವ್ಯಾರಾವಾಲಾ (1913–2012) ಅವರ ಆರಂಭದ ಪಟಗಳು ಅವರ ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಪಟದೊಳಗೆ ಸುಳ್ಳಿರಲಿಲ್ಲ, ಅದರ ಕೆಳಗಿನ ಹೆಸರು ಸತ್ಯವಾಗಿರಲಿಲ್ಲ. ಮುಂದೆ ಸ್ವಾತಂತ್ರ್ಯೋದಯದ ಕಾಲದ ಘಟನೆಗಳಿಗೆ ಅವರ ಕ್ಯಾಮರಾವೇ ಸಾಕ್ಷಿಯಾಯಿತು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯು ದೊರೆಯಿತು.

ಈ ವಿಚಾರವು ನಮ್ಮ ಶಾಲೆಯ ಅಂಗಳಕ್ಕೂ ಬಂದಿದೆ. ತರಗತಿಯ ಗುಂಪುಪಟವನ್ನು ತೆಗೆದ ದಿನ ಜ್ವರದಿಂದ ಬಾರದೆ ಹೋದ ಮಗುವನ್ನು ಕಂಪ್ಯೂಟರಿನಲ್ಲಿ ಸೇರಿಸಿಕೊಡಿರೆಂದು ತಾಯಂದಿರು ಕೇಳುವುದುಂಟು. ಹುಡುಗಿಯರ ಮುಖಗಳನ್ನು ಒಂದಿಷ್ಟು ಬೆಳ್ಳಗೆ ಮಾಡಿಕೊಡುವೆವೆಂದು ಪಟದಂಗಡಿಯವರು ತಾವಾಗಿಯೇ ಹೇಳುವುದೂ ಉಂಟು. ಎರಡನ್ನೂ ನಾವು ಒಪ್ಪುವುದಿಲ್ಲ. ಬಾರದವಳ ಹೆಸರನ್ನು ಪಟದ ಕೆಳಗೆ ‘ಗೈರುಹಾಜರು’ ಎಂದು ಪ್ರೀತಿಯಿಂದ ಬರೆಯುವೆವು. ಮಕ್ಕಳ ಬಣ್ಣವು ತಿದ್ದತಕ್ಕ ದೋಷವಲ್ಲ. ಹಾಗೆ ತಿದ್ದಿದರೆ ಅದನ್ನು ದೋಷವೆಂದು ನಾವೇ ಅವರಿಗೆ ಕಲಿಸಿದಂತಾಗುವುದು. ನಾಟಕದ ಪಟಕ್ಕೆ ಬೇಕಾದ ಬಣ್ಣವನ್ನು ಹಚ್ಚಿ ಗೋಡೆಗೆ ತೂಗಹಾಕಲು ನಮ್ಮ ಅಡ್ಡಿಯಿಲ್ಲ, ಅದು ಕಲೆ.

ಪೋಷಕರಿಗೆ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹುಡುಗಿಯ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ ಅಶ್ಲೀಲ ಪಟಗಳನ್ನು ಹರಡುವ ದುಷ್ಟರು ಈಗ ಇದ್ದಾರೆ. ಇಂಥ ಪಟವನ್ನು ಹರಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಶಿಕ್ಷಾರ್ಹವಾದ ಅಪರಾಧವು. ಅಂಥ ಪಟವೇನಾದರೂ ಕಣ್ಣಿಗೆ ಬಿದ್ದರೆ ಮೊದಲು ಮಗಳನ್ನು ಗದರಿಸಬೇಡಿರಿ, ಶಾಲೆ ಬಿಡಿಸಬೇಡಿರಿ. ಪಟವು ಸುಳ್ಳು ಹೇಳಬಲ್ಲದು; ಮಗಳ ಮಾತನ್ನು ಮೊದಲು ಕೇಳಿರಿ, ಬಳಿಕ ಪೊಲೀಸರಿಗೆ ತಿಳಿಸಿರಿ. ಲಜ್ಜೆಯು ಮಾಡಿದವನದು, ಅವಳದಲ್ಲ.

ಕೊನೆಯದಾಗಿ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಕಾಲದ ಶಾಲಾಪಟಗಳು ಮನೆಯ ಪೆಟ್ಟಿಗೆಯಲ್ಲಿದ್ದರೆ ಅವುಗಳ ಪ್ರತಿಯನ್ನು ನಮಗೆ ಕಳುಹಿಸಿರಿ. ಹಿಂಬದಿಯಲ್ಲಿ ಇಸವಿಯನ್ನೂ, ನೆನಪಿರುವಷ್ಟು ಹೆಸರುಗಳನ್ನೂ ಬರೆಯಿರಿ. ಕಲೆಯೋ ಬಿರುಕೋ ಇದ್ದರೆ ಹಾಗೆಯೇ ಇರಲಿ. ತಿದ್ದಿಸುವ ವೆಚ್ಚಕ್ಕೆ ಹೋಗಬೇಡಿರಿ. ಇದ್ದವರು ಇದ್ದಂತೆಯೇ ಕಾಣಿಸಿದರೆ ನಮಗೆ ಸಾಕು.