ಬಡಗಿಯ ಗರಗಸಕ್ಕೆ ಅಲ್ಯೂಮಿನಿಯಂ ಬಗ್ಗೀತೆ?

ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯ ಮುಂದೆ ಒಂದು ಕ್ಷಣ ನಿಂತು ನೋಡಿ. ದುಂಡು ಗರಗಸ ಕಿವಿಗಡಚಿಕ್ಕುವಂತೆ ಕಿರುಚಿ ಪಟ್ಟಿಯನ್ನು ತುಂಡರಿಸುತ್ತದೆ. ಒಂದು ಕಿಡಿಯೂ ಹಾರುವುದಿಲ್ಲ. ಅದೇ ಕಬ್ಬಿಣದ ಗೇಟು ಮಾಡುವಲ್ಲಿ ಕಿಡಿಗಳ ಮಳೆ. ಅಲ್ಯೂಮಿನಿಯಂ ಕೊಯ್ಯುವ ಆ ಬ್ಲೇಡು ಬಡಗಿಯ ಯಂತ್ರದ ಬ್ಲೇಡಿಗೆ ಹತ್ತಿರದ ನೆಂಟ. ಎರಡರ ಹಲ್ಲಿನ ತುದಿಗೂ ಟಂಗ್‌ಸ್ಟನ್ ಕಾರ್ಬೈಡ್ ಬೆಸೆದಿರುತ್ತದೆ.

ಹಾಗಾದರೆ ವಿಜ್ಞಾನ ಮೇಳದ ಮಾದರಿಗೆ ಬೇಕಾದ ಪ್ಲೇಟನ್ನು ಬಡಗಿಯ ಗರಗಸದಲ್ಲೇ ಕೊಯ್ಯಬಹುದೇ? ಕೊಯ್ಯಬಹುದು. ಆದರೆ ಮರವೆಂದುಕೊಂಡು ಕೊಯ್ದರೆ ಕೆಟ್ಟಿತು.

ಇಲ್ಲಿ ತೊಡಕು ಗಡಸುತನದ್ದಲ್ಲ, ಅಂಟುವ ಗುಣದ್ದು. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಯೂಮಿನಿಯಂಗೆ 660 ಸಾಕು. ಕರಗುವುದಕ್ಕೆ ಬಹಳ ಮುಂಚೆಯೇ ಅದು ಮೆತ್ತಗಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ಉಜ್ಜಿದಷ್ಟೂ ಬಿಸಿ, ಬಿಸಿಯಾದಷ್ಟೂ ಅಂಟು. ಕೊನೆಗೆ ಬ್ಲೇಡು ಸಿಕ್ಕಿಕೊಂಡು ಪ್ಲೇಟನ್ನೇ ಎತ್ತಿ ಎಸೆಯಬಹುದು. ಸೋಜಿಗವೆಂದರೆ, ಮೃದುವಾದ ಅಪ್ಪಟ ಅಲ್ಯೂಮಿನಿಯಂನ ಕಾಟವೇ ಹೆಚ್ಚು. ಮೆಗ್ನೀಸಿಯಂ, ಸಿಲಿಕಾನ್ ಬೆರೆತ 6061ರಂಥ ಮಿಶ್ರಲೋಹ ಗಟ್ಟಿಯಾದರೂ ಚೊಕ್ಕವಾಗಿ ತುಂಡಾಗುತ್ತದೆ.

ಬಲ್ಲವರು ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಹಲ್ಲುಗಳಿಗೆ ಮೇಣ ಸವರುತ್ತಾರೆ. ಮರ ಸೀಳುವ ಬ್ಲೇಡಿನ ಹಲ್ಲು ಮುಂದಕ್ಕೆ ಬಾಗಿದ್ದು ಲೋಹವನ್ನು ಕಚ್ಚಿ ಎಳೆಯುತ್ತದೆ. ಆದ್ದರಿಂದ ನೆಟ್ಟಗಿರುವ ಅಥವಾ ತುಸು ಹಿಂದಕ್ಕೆ ವಾಲಿದ, ಒತ್ತೊತ್ತಾದ ಹಲ್ಲಿನ ಬ್ಲೇಡು ಹಾಕುತ್ತಾರೆ. ಪ್ಲೇಟನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪಿನಿಂದ ಬಿಗಿಯುತ್ತಾರೆ. ಯಂತ್ರದೊಳಗೆ ಕೂತ ಮರದ ಹೊಟ್ಟನ್ನು ಮೊದಲೇ ತೆಗೆಯಬೇಕು. ಬಿಸಿ ಲೋಹದ ಚೂರು ಬಿದ್ದರೆ ಹೊಟ್ಟು ಹೊಗೆಯಾಡೀತು. ಕಣ್ಣಿಗೆ ಕನ್ನಡಕವಂತೂ ಬೇಕೇ ಬೇಕು. ಇದು ದೊಡ್ಡವರ ಕೆಲಸ, ಮಕ್ಕಳು ದೂರ ನಿಂತು ನೋಡಲಿ.

ಮಕ್ಕಳಿಗೆ ಕೈಗರಗಸವಿದೆ. ಅಲ್ಲೊಂದು ಲೆಕ್ಕ. ಇಂಚಿಗೆ 8 ಹಲ್ಲಿರುವ ಬಡಗಿಯ ಗರಗಸದಲ್ಲಿ ಹಲ್ಲಿನಿಂದ ಹಲ್ಲಿಗೆ 3 ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರ. 2 ಮಿಲಿಮೀಟರ್ ದಪ್ಪದ ತಗಡು ಆ ಸಂದಿಗೆ ಬಿದ್ದು ಗರಗಸ ಜಗ್ಗುತ್ತದೆ. ದಪ್ಪದ ಮೇಲೆ ಎರಡು ಮೂರು ಹಲ್ಲಾದರೂ ಒಟ್ಟಿಗೆ ಕೂರಬೇಕು. ಇಂಚಿಗೆ 32 ಹಲ್ಲಿನ ಹ್ಯಾಕ್‌ಸಾ ಬ್ಲೇಡಾದರೆ ಸರಿಹೋಗುತ್ತದೆ. ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದು ಮೂರನ್ನೂ ಸೇರಿಸಿ ಕೊಯ್ದರೆ ಅಂಚು ನಡುಗುವುದಿಲ್ಲ.

ಕೊಯ್ದ ಅಂಚು ಬೆರಳು ಕುಯ್ಯುವಷ್ಟು ಚೂಪು. ಅರದಿಂದ ಉಜ್ಜಿ ಮಟ್ಟ ಮಾಡಿ. ಅರದ ಸಂದಿಗೂ ಅಲ್ಯೂಮಿನಿಯಂ ತುಂಬಿಕೊಳ್ಳುತ್ತದಲ್ಲ? ಅದಕ್ಕೆ ಮದ್ದು ಶಾಲೆಯಲ್ಲೇ ಇದೆ: ಮೊದಲು ಅರದ ಮೈಗೆ ಸೀಮೆಸುಣ್ಣ ಉಜ್ಜಿಕೊಳ್ಳಿ.