ಪ್ರತಿಮಧ್ಯಮ ಹಿಡಿದ ಡಬ್ಬ

ಬೆಳಗಿನ ಐದೂವರೆಗೆ ನಮ್ಮ ಮನೆಯಲ್ಲಿ ಹಕ್ಕಿಗಿಂತ ಮೊದಲು ಏಳುವುದು ತಂಬೂರಿ. ಮರದ್ದಲ್ಲ, ಪೆಟ್ಟಿಗೆಯದ್ದು. ಅಮ್ಮ ಅದರ ಗುಂಡಿ ತಿರುಗಿಸಿ ಐದು ಮನೆ ಶ್ರುತಿಗೆ ನಿಲ್ಲಿಸುತ್ತಾಳೆ. ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ನ್ಯೂಜೆರ್ಸಿಯಲ್ಲಿ ಆಗ ಹಿಂದಿನ ದಿನದ ರಾತ್ರಿ, ಅಲ್ಲಿನ ಬೇಸಗೆಯಲ್ಲಾದರೆ ಎಂಟು ಗಂಟೆ, ಚಳಿಗಾಲದಲ್ಲಾದರೆ ಏಳು. ಹಾಸನದ ಕಡೆಯವರ ಇಬ್ಬರು ಹೆಣ್ಣುಮಕ್ಕಳು ಊಟ ಮುಗಿಸಿ ಪರದೆಯ ಆ ಬದಿಯಲ್ಲಿ ಕೂತಿರುತ್ತಾರೆ. ಪಾಠ ಶುರು.

ಮೊದಲ ತಿಂಗಳೆಲ್ಲ ಒಂದೇ ದೂರು: 'ಟೀಚರ್, ತಂಬೂರಿ ಕೇಳಿಸ್ತಿಲ್ಲ.' ತಂಬೂರಿ ಹೋಗಲಿ, ಅಮ್ಮ ಷಡ್ಜದಲ್ಲಿ ಕಾರ್ವೆ ಕೊಟ್ಟು ನಿಂತರೆ ಅದೂ ಅರ್ಧದಲ್ಲಿ ಮಾಯವಾಗುತ್ತಿತ್ತು. ತಪ್ಪು ವಿಡಿಯೊ ಕರೆಯ ಆ್ಯಪ್‌ನದ್ದು. ಮಾತಿಗೆ ತೊಂದರೆಯಾಗದಿರಲೆಂದು ಅದು ಹಿನ್ನೆಲೆಯ ಸದ್ದನ್ನು ಜಾಲಿಸಿ ಎಸೆಯುತ್ತದೆ. ಏರಿಳಿತವಿಲ್ಲದೆ ಒಂದೇ ಸಮ ಇರುವುದೆಲ್ಲ ಕಸ ಎನ್ನುವುದು ಅದರ ತಿಳಿವಳಿಕೆ. ಹಾಗೆ ನೋಡಿದರೆ ತಂಬೂರಿಯಷ್ಟು ದೊಡ್ಡ ಕಸ ಜಗತ್ತಿನಲ್ಲಿಲ್ಲ! ಸೆಟ್ಟಿಂಗ್ಸ್ ಕೆದಕಿ, ಸಂಗೀತದವರಿಗೆಂದೇ ಇಟ್ಟಿದ್ದ ಒಂದು ಗುಂಡಿ ಹುಡುಕಿ ಆ ಜಾಲಿಸುವಿಕೆಯನ್ನು ಆರಿಸಿದೆ. ತಂಬೂರಿ ನೆಟ್ಟಗೆ ನ್ಯೂಜೆರ್ಸಿ ಸೇರಿತು. ಅದರ ಬೆನ್ನಿಗೇ ಕಂಪ್ಯೂಟರಿನ ಫ್ಯಾನೂ ಹೋಯಿತು.

'ಏನೋ ಅದು, ನಿನ್ನ ಡಬ್ಬ ಪ್ರತಿಮಧ್ಯಮ ಹಿಡಿದು ಕೂತಿದೆ' ಎಂದಳು ಅಮ್ಮ. 'ನಾನು ಶಂಕರಾಭರಣ ಹೇಳಿಕೊಡ್ತಿದ್ರೆ ಮಕ್ಕಳು ಕಲ್ಯಾಣಿಗೆ ಜಾರ್ತಾವೆ.'

ತಮಾಷೆಗೆ ಹೇಳಿದಳು ಅಂದುಕೊಂಡೆ. ಆದರೂ ಕುತೂಹಲಕ್ಕೆ ಲೆಕ್ಕ ಹಾಕಿದೆ. ಕ್ಯಾಬಿನೆಟ್ಟಿನ ಹಿಂದಿನ ಫ್ಯಾನಿಗೆ ಏಳು ರೆಕ್ಕೆ. ನಿಮಿಷಕ್ಕೆ 1180 ಸುತ್ತು ಎಂದು ಪರದೆಯಲ್ಲಿ ತೋರಿಸುತ್ತಿತ್ತು. ಫ್ಯಾನಿನ ಚೌಕಟ್ಟಿನಲ್ಲಿ ಮೋಟಾರನ್ನು ಹಿಡಿದಿರುವ ಕಡ್ಡಿಗಳಿರುತ್ತವಲ್ಲ, ಒಂದೊಂದು ರೆಕ್ಕೆ ಅವುಗಳ ಮುಂದೆ ಹಾದಾಗಲೂ ಗಾಳಿಗೆ ಒಂದೊಂದು ಏಟು ಬೀಳುತ್ತದೆ. ಸೆಕೆಂಡಿಗೆ ಹತ್ತೊಂಬತ್ತೂ ಮುಕ್ಕಾಲು ಸುತ್ತಿನ ಹತ್ತಿರ, ಅದಕ್ಕೆ ಏಳರ ಗುಣಾಕಾರ, ಹೆಚ್ಚು ಕಡಿಮೆ 138 ಏಟು. ಐದು ಮನೆಯ ಷಡ್ಜ 196. ಅದರ ಮಂದ್ರ ಸ್ಥಾಯಿಯ ಪ್ರತಿಮಧ್ಯಮ? ಅದೂ 138ರ ಆಸುಪಾಸು. ಎಪ್ಪತ್ತೆರಡು ಮೇಳಗಳಲ್ಲಿ ಮೊದಲ ಮೂವತ್ತಾರಕ್ಕೆ ಈ ಸ್ವರವೇ ಇಲ್ಲ. ಶಂಕರಾಭರಣ ಇಪ್ಪತ್ತೊಂಬತ್ತನೆಯದು. ಅಮ್ಮನ ಕಿವಿಗೆ ಕೈಮುಗಿದು ಸ್ಕ್ರೂಡ್ರೈವರ್ ತಂದೆ.

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದರೆ ಒಳಗೆ ಇನ್ನೊಂದು ಬೆಂಗಳೂರು. ಮೆಟ್ರೊ ಕಾಮಗಾರಿಯ ಧೂಳು, ಅಕ್ಕಿಹಿಟ್ಟಿನ ರಂಗೋಲಿಯ ಪುಡಿ, ಅಮ್ಮನದೇ ಇರಬೇಕಾದ ಎರಡು ಉದ್ದ ಕೂದಲು. ಮುಂದಿನ ಜಾಲರಿಗೆ ಬೂದು ಕಂಬಳಿ ಹೊದಿಸಿದಂತೆ ಧೂಳು ಹೆಪ್ಪುಗಟ್ಟಿತ್ತು. ಹೀಗಿದ್ದರೆ ಫ್ಯಾನ್ ಕಿರುಚದೆ ಏನು ಮಾಡೀತು? ಗಾಳಿ ಒಳಗೆ ಬರಲು ದಾರಿಯಿಲ್ಲ, ಒಳಗೆ ಬಿಸಿ, ಬಿಸಿಯಾದಷ್ಟೂ ವೇಗ, ವೇಗವಾದಷ್ಟೂ ಸದ್ದು. ಹೊಸ ಫ್ಯಾನಿಗೆ ದುಡ್ಡು ಸುರಿಯುವ ಅರ್ಧದಷ್ಟು ಜನಕ್ಕೆ ಬೇಕಿರುವುದು ಒಂದು ಪೇಂಟ್ ಬ್ರಷ್ಷು ಅಂತ ನನ್ನ ಅನಿಸಿಕೆ. ಗುಡಿಸುವಾಗ ಒಂದು ಎಚ್ಚರ ಬೇಕು: ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಗುಡಿಸಬೇಕು. ಬ್ಲೋವರ್ ಹಿಡಿದು ಸುಮ್ಮನೆ ಊದಿದರೆ ಅದು ಬುಗುರಿಯಂತೆ ತಿರುಗಿ ಬೇರಿಂಗು ಹಾಳಾಗುತ್ತದೆ.

ಧೂಳು ಹೋದ ಮೇಲೆ ಸದ್ದು ಎಲ್ಲಿಂದ ಬರುತ್ತಿದೆ ಎಂಬ ತನಿಖೆ. ಒಳಗೆ ನಾಲ್ಕು ಫ್ಯಾನು: ಮುಂದೊಂದು, ಹಿಂದೊಂದು, ಪ್ರೊಸೆಸರ್ ಮೇಲೊಂದು, ಎಸ್‌ಎಂಪಿಎಸ್ ಒಳಗೊಂದು. ಎಲ್ಲವೂ ಸೇರಿ ಮಾತಾಡುವಾಗ ಕಿವಿಗೆ ತಪ್ಪಿತಸ್ಥ ಸಿಗುವುದಿಲ್ಲ. ಓಡುತ್ತಿರುವ ಫ್ಯಾನಿನ ನಡುಗುಂಬಕ್ಕೆ ಬೆರಳ ತುದಿಯನ್ನು ಮೆತ್ತಗೆ ಒತ್ತಿ ಎರಡು ಸೆಕೆಂಡು ನಿಲ್ಲಿಸಿದೆ. ರೆಕ್ಕೆಗೆ ಬೆರಳಿಟ್ಟರೆ ಉಗುರು ಹೋಗುತ್ತದೆ, ನಡುವಿಗೇ ಒತ್ತಬೇಕು. ಎಸ್‌ಎಂಪಿಎಸ್ ಒಳಗಂತೂ ಕೈಯೇ ಹಾಕಬಾರದು, ಕರೆಂಟಿನ ಸಹವಾಸ. ಹಿಂದಿನದನ್ನು ನಿಲ್ಲಿಸಿದಾಗ ಪ್ರತಿಮಧ್ಯಮ ಹೋಯಿತು. ಮುಂದಿನದನ್ನು ನಿಲ್ಲಿಸಿದಾಗ, ಅಷ್ಟರವರೆಗೆ ಗಮನಕ್ಕೇ ಬಾರದಿದ್ದ ಒಂದು ಗರಗರ ಹೋಯಿತು.

ಗರಗರಕ್ಕೆ ಮನೆಮದ್ದಿದೆ. ಫ್ಯಾನಿನ ನಡುವೆ ಅಂಟಿಸಿರುವ ಸ್ಟಿಕರನ್ನು ಉಗುರಿಂದ ಎಬ್ಬಿಸಿದರೆ ಅದರಡಿ ಅಚ್ಚಿನ ಗುಣಿ. ಅಗ್ಗದ ಫ್ಯಾನುಗಳಲ್ಲಿ ಅಲ್ಲಿರುವುದು ಬರೀ ಲೋಹದ ಒಂದು ಕೊಳವೆ, ಅದರೊಳಗೆ ಒಂದಿಷ್ಟು ಎಣ್ಣೆ. ಎಣ್ಣೆ ಆರಿದರೆ ಅಚ್ಚು ಕುಲುಕುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಒಂದು ತೊಟ್ಟು ಬಿಟ್ಟೆ. ಹತ್ತು ದಿನ ಸುಮ್ಮನಿತ್ತು. ಹನ್ನೊಂದನೆಯ ದಿನ ಮೋಹನ ವರ್ಣದ ನಡುವೆ ಮತ್ತೆ ಕೆಮ್ಮಿತು.

ಆ ಶನಿವಾರ ಎಸ್.ಪಿ. ರಸ್ತೆಗೆ ಹೊರಟೆ. ಹೊರಡುವ ಮುಂಚೆ ಜಾಣತನ ತೋರಿಸಿ, ಸ್ಕೇಲ್ ಹಿಡಿದು ಒಂದು ಸ್ಕ್ರೂ ತೂತಿನಿಂದ ಇನ್ನೊಂದಕ್ಕೆ ಅಳೆದೆ. 105 ಮಿಲಿಮೀಟರ್.

ಚಿಕ್ಕಪೇಟೆ ಮೆಟ್ರೊದಿಂದ ಮೇಲೆ ಬಂದವರು ಎಸ್.ಪಿ. ರಸ್ತೆಯ ದಾರಿ ಕೇಳಬೇಕಾಗಿಲ್ಲ, ಮಾನಿಟರ್ ಡಬ್ಬ ಹೊತ್ತವರ ಹಿಂದೆ ಹೋದರೆ ಸಾಕು. ಕೈಗಾಡಿಯ ಮೇಲೆ ಪ್ರಿಂಟರುಗಳ ಗೋಪುರ, ಅದರ ಹಿಂದೆ ಹಾರ್ನ್ ಒತ್ತುವ ಆಟೊ, ತಲೆಯ ಮೇಲೆ ಹೆಣೆದುಕೊಂಡ ವೈರುಗಳ ಚಪ್ಪರ. ಅಂಗಡಿಗಳೋ, ಇಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕಾದಷ್ಟು ಅಗಲ. ಬೆಂಗಳೂರಿನಲ್ಲಿ ಸದ್ದಿಲ್ಲದ ವಸ್ತುವನ್ನು ಕೊಳ್ಳಲು ಇದಕ್ಕಿಂತ ಗದ್ದಲದ ಜಾಗ ಸಿಗಲಿಕ್ಕಿಲ್ಲ.

'105ರ ಫ್ಯಾನ್ ಕೊಡಿ' ಅಂದೆ.

ಕೌಂಟರಿನವರು ನಕ್ಕರು. 'ತೂತಿಂದ ತೂತಿಗೆ ಅಳೆದ್ರಾ ಸಾರ್? ಅದು 120ರದ್ದು. ಅಂಚಿಂದ ಅಂಚಿಗೆ ನೋಡ್ಬೇಕು. ತ್ರೀ ಪಿನ್ನಾ, ಫೋರ್ ಪಿನ್ನಾ?'

ನಾಲ್ಕು ಎಂದೆ. ಇದೊಂದು ಗೊತ್ತಿತ್ತು. ಮೂರು ಪಿನ್ನಿನ ಫ್ಯಾನಿನ ವೇಗ ತಗ್ಗಿಸಬೇಕೆಂದರೆ ಅದಕ್ಕೆ ಹೋಗುವ 12 ವೋಲ್ಟನ್ನೇ ತಗ್ಗಿಸಬೇಕು, ತೀರಾ ತಗ್ಗಿಸಿದರೆ ನಿಂತೇ ಹೋಗುತ್ತದೆ. ನಾಲ್ಕನೆಯ ಪಿನ್ನಿದ್ದರೆ ವೋಲ್ಟು ಹಾಗೇ ಇದ್ದು, 'ಇಷ್ಟು ವೇಗ ಸಾಕು' ಎಂಬ ಸನ್ನೆ ಮಾತ್ರ ಬೇರೆ ತಂತಿಯಲ್ಲಿ ಬರುತ್ತದೆ. ನಿಧಾನಕ್ಕೆ ಓಡಿಸುವವರಿಗೆ ಇದೇ ಹಿತ.

ಅವರು ತಂದಿಟ್ಟದ್ದು ಕಾಮನಬಿಲ್ಲಿನ ಬಣ್ಣಗಳಲ್ಲಿ ಮಿನುಗುವ ಮೂರು ಫ್ಯಾನುಗಳ ಡಬ್ಬ.

'ಲೈಟ್ ಬೇಡ.'

'ಎಲ್ರೂ ಇದನ್ನೇ ಕೇಳ್ತಾರೆ ಸಾರ್.'

'ಲೈಟೂ ಬೇಡ, ಸದ್ದೂ ಬೇಡ.'

'ಮತ್ತೇನು ಬೇಕು ಸಾರ್?'

ಒಳ್ಳೆಯ ಪ್ರಶ್ನೆ. ನನಗೆ ಬೇಕಿದ್ದದ್ದು ಸೋಮಾರಿ ಫ್ಯಾನು. ಫ್ಯಾನಿನ ಗಣಿತ ವಿಚಿತ್ರ: ವೇಗವನ್ನು ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ತಿನ್ನುವ ಕರೆಂಟು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಬೀಳುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧವಾದಂತೆ. ಅಂದರೆ ಗಾಳಿಯಲ್ಲಿ ಕಳೆದುಕೊಳ್ಳುವುದಕ್ಕಿಂತ ಮೌನದಲ್ಲಿ ಗಳಿಸುವುದೇ ಹೆಚ್ಚು. ಅದಕ್ಕೇ ಚಿಕ್ಕ ಫ್ಯಾನನ್ನು ಓಡಿಸುವುದಕ್ಕಿಂತ ದೊಡ್ಡದನ್ನು ನಡೆಸುವುದು ಮೇಲು. 140ರದ್ದು ಹಿಡಿಸುವ ಕ್ಯಾಬಿನೆಟ್ ಇದ್ದವರು ಪುಣ್ಯವಂತರು. ನಮ್ಮದು 120ಕ್ಕೇ ಮುಗಿಯುತ್ತದೆ. ಡಬ್ಬದ ಮೇಲೆ ಅಚ್ಚಾದ ಡೆಸಿಬೆಲ್ ಲೆಕ್ಕವನ್ನು ನಾನು ಮದುವೆ ಜಾಹೀರಾತಿನ ಬಣ್ಣದ ವಿವರದಷ್ಟೇ ನಂಬುತ್ತೇನೆ. ಮುಂದೆ ಜಾಲರಿಯಿಲ್ಲದೆ, ಹಿಂದೆ ತಗಡಿಲ್ಲದೆ, ನಿಶ್ಶಬ್ದ ಕೋಣೆಯಲ್ಲಿ ತೂಗಿದ ಸದ್ದಿಗೂ ನಮ್ಮ ಮನೆಯ ಮೇಜಿನಡಿಯ ಸದ್ದಿಗೂ ನಂಟಿಲ್ಲ.

'ಹಾಗಾದ್ರೆ ಗೂಬೆ ನೋಡಿ' ಎಂದು ಅವರು ಮೇಲಿನ ಗೂಡಿನಿಂದ ಕಂದು ಡಬ್ಬವೊಂದನ್ನು ಇಳಿಸಿದರು.

ನೊಕ್ಟುವಾ. 2005ರಲ್ಲಿ ಶುರುವಾದ ಆಸ್ಟ್ರಿಯಾದ ಕಂಪನಿ. ಲ್ಯಾಟಿನ್ನಿನಲ್ಲಿ ಗೂಬೆ ಎಂದರ್ಥ, ಡಬ್ಬದ ಮೇಲೂ ಗೂಬೆಯದೇ ಚಿತ್ರ. ರೆಕ್ಕೆಯಂಚಿನ ಬಾಚಣಿಗೆಯಂಥ ಹಲ್ಲುಗಳಿಂದ, ಮೈಮೇಲಿನ ಮಖಮಲ್ಲಿನಂಥ ಪುಕ್ಕದಿಂದ ಇಲಿಗೂ ಕೇಳದಂತೆ ಹಾರುವ ಹಕ್ಕಿಯ ಹೆಸರಿಟ್ಟಿದ್ದಾರೆ. ಫ್ಯಾನಿನ ಬಣ್ಣ ಮಾತ್ರ ಹಳೆಯ ಸರ್ಕಾರಿ ಕಚೇರಿಯ ಗೋಡೆಯಂತೆ: ಕಂದು, ಮಾಸಲು ಕೆನೆ. ಒಂಬತ್ತು ರೆಕ್ಕೆ. 2018ರಲ್ಲಿ ಬಂದ ಈ ಮಾದರಿಯಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು, ಅಷ್ಟೇ. ಸಂದು ಕಿರಿದಾದಷ್ಟೂ ಗಾಳಿ ಹಿಂದಕ್ಕೆ ಸೋರುವುದು ಕಡಿಮೆ. ಆದರೆ ಮಾಮೂಲಿ ಪ್ಲಾಸ್ಟಿಕ್ಕಿನ ರೆಕ್ಕೆ ವರ್ಷಗಟ್ಟಲೆ ಗಿರಗಿರನೆ ತಿರುಗುತ್ತ ಕೂದಲೆಳೆಯಷ್ಟು ಉದ್ದವಾಗುತ್ತದೆ, ಚೌಕಟ್ಟಿಗೆ ತಾಗುತ್ತದೆ. ಹಿಗ್ಗದ ಗಟ್ಟಿ ಪಾಲಿಮರ್ ಹುಡುಕಿದ ಮೇಲೆಯೇ ಇಷ್ಟು ಕಿರಿದಾದ ಸಂದು ಬಿಡುವ ಧೈರ್ಯ ಬಂದದ್ದು. ಬೆಲೆ ಕೇಳಿ ನಾನೂ ಒಂದು ಕ್ಷಣ ಗೂಬೆಯಂತೆ ಕಣ್ಣು ಬಿಟ್ಟೆ. ಪಕ್ಕದಲ್ಲೇ ಐದು ರೆಕ್ಕೆಯ ಆರ್ಕ್ಟಿಕ್ ಇತ್ತು, ತುಂಬಾ ಅಗ್ಗ, ಕೆಲಸಕ್ಕೂ ಮೋಸವಿಲ್ಲ. ಸಂಬಳದ ವಾರವಾದ್ದರಿಂದ ಗೂಬೆಯೇ ಗೆದ್ದಿತು. ಎರಡು ತಗೊಂಡೆ.

'ಮನೆಗೆ ಗೂಬೆ ತಂದ್ಯಾ?' ಅಮ್ಮ ಡಬ್ಬ ನೋಡಿದವಳೇ ಕೇಳಿದಳು. 'ಜೋಡಿ ಬೇರೆ!'

ಹಳೆಯದನ್ನು ಬಿಚ್ಚಿದೆ. ಡಬ್ಬದಲ್ಲಿ ಸ್ಕ್ರೂ ಜೊತೆಗೆ ರಬ್ಬರಿನ ಗೂಟಗಳೂ ಇದ್ದವು. ಲೋಹದ ಸ್ಕ್ರೂ ಬಿಗಿದರೆ ಫ್ಯಾನಿನ ನಡುಕವೆಲ್ಲ ತಗಡಿಗೆ ಇಳಿದು, ತಗಡೇ ಘಟದಂತೆ ಗುನುಗುತ್ತದೆ. ರಬ್ಬರು ಆ ನಡುಕವನ್ನು ನುಂಗಿಕೊಳ್ಳುತ್ತದೆ. ಗೂಟದ ಉದ್ದ ಬಾಲವನ್ನು ತಗಡಿನ ತೂತಿನಿಂದ ತೂರಿಸಿ ಹಸುವಿನ ಮೊಲೆ ಜಗ್ಗಿದಂತೆ ಜಗ್ಗಬೇಕು. ಕೊರಳು ತೂತಿನಲ್ಲಿ 'ಟಪ್' ಎಂದು ಕೂರುತ್ತದೆ. ಮೂರು ಕೂತವು, ನಾಲ್ಕನೆಯದು ಕಿತ್ತು ಕೈಗೆ ಬಂತು. ಅದೊಂದು ಮೂಲೆಗೆ ಸ್ಕ್ರೂ ಹಾಕಲು ಮನಸ್ಸಾಗದೆ, ಬಾಲಕ್ಕೆ ಎರಡು ಹನಿ ಸೋಪುನೀರು ಹಚ್ಚಿ ಮಿಕ್ಕಿದ್ದ ಇನ್ನೊಂದು ಗೂಟವನ್ನು ಎಳೆದೆ. ಬೆಣ್ಣೆಯಂತೆ ಬಂತು.

ಗಾಳಿಯ ದಿಕ್ಕೇ ಎಲ್ಲರೂ ಎಡವುವ ಜಾಗ. ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ ಎಂದು ನೆನಪಿಟ್ಟರೆ ಸಾಕು. ಮುಂದಿನದು ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ದಬ್ಬಬೇಕು. ಆದರೂ ಅನುಮಾನಕ್ಕೆ ದೇವರ ಮನೆಯಿಂದ ಒಂದು ಊದುಬತ್ತಿ ತಂದು ಹಚ್ಚಿದೆ. ಮುಂದಿನ ಜಾಲರಿಯ ಬಳಿ ಹಿಡಿದರೆ ಹೊಗೆಯ ಎಳೆ ಒಂದು ಕ್ಷಣ ಅನುಮಾನಿಸಿ, ಬಾಗಿ, ಸೊಯ್ಯನೆ ಒಳಗೆ ಹೋಯಿತು. ಹಿಂದೆ ಮೂಗಿಟ್ಟು ಕಾದೆ. ಬೆಚ್ಚಗಿನ ಮಲ್ಲಿಗೆ ವಾಸನೆ ಬಂತು.

ಕಲಬುರಗಿಯ ಭಾವ ಫೋನಿನಲ್ಲಿ ನಕ್ಕರು: 'ನಮ್ಮ ಕಡಿ ಬಿಸಿಲಿಗಿ ನಿನ್ನ ಗೂಬಿ ಏನ್ ಮಾಡ್ತದೋ?' ನಿಜವೇ. ಫ್ಯಾನ್ ತಂಪು ಮಾಡುವುದಿಲ್ಲ, ಕೋಣೆಯ ಗಾಳಿಯನ್ನು ಒಳಗೆ ತಂದು ಬಿಸಿಯನ್ನು ಹೊರಗೆ ಹಾಕುತ್ತದೆ ಅಷ್ಟೆ. ಕೋಣೆಯೇ ನಲವತ್ತಕ್ಕೆ ಕಾದಿದ್ದರೆ ಪೆಟ್ಟಿಗೆಯೊಳಗೆ ಅದಕ್ಕಿಂತ ಕೆಳಗಿಳಿಸಲು ಯಾವ ಹಕ್ಕಿಯಿಂದಲೂ ಆಗದು.

ಇನ್ನು ಬಯಾಸ್. ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆಯನ್ನು ಅಲ್ಲೇ ಎಳೆಯಬೇಕು. ಕಾರ್ಖಾನೆಯಿಂದ ಬಂದ ಗೆರೆ ಅಂಜುಬುರುಕರದ್ದು. ಒಂದು ಕಿಟಕಿ ತೆರೆದರೆ ಪ್ರೊಸೆಸರ್ ಅರೆಗಳಿಗೆ ಬಿಸಿಯಾಗುತ್ತದೆ, ತಕ್ಷಣ ಫ್ಯಾನ್ ಹೂಂಕರಿಸುತ್ತದೆ, ಮರುಗಳಿಗೆ ಸುಮ್ಮನಾಗುತ್ತದೆ. ಕಿವಿಗೆ ಸದ್ದಿಗಿಂತ ಈ ಏರಿಳಿತವೇ ಹಿಂಸೆ. ಅರವತ್ತು ಡಿಗ್ರಿವರೆಗೂ ವೇಗ 600 ದಾಟದಂತೆ, ದಾಟಿದರೂ ಕೆಲವು ಸೆಕೆಂಡು ಕಾದು ಮೆಲ್ಲಗೆ ಏರುವಂತೆ ಗೆರೆ ಎಳೆದೆ.

ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಕರೆದೆ. ಅವಳು ಕಣ್ಣು ಮುಚ್ಚಿ ಕೂತಳು. ಮೊದಲ ಸಲ ನಮ್ಮ ಫ್ರಿಜ್ಜಿನ ಗೊಣಗು ಕೇಳಿಸಿತು, ಆಮೇಲೆ ಪಕ್ಕದ ಮನೆಯ ಸಂಪಿನ ಮೋಟಾರು.

'ಪ್ರತಿಮಧ್ಯಮ ಹೋಯ್ತು' ಎಂದಳು. ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟಳು. 'ಆದ್ರೆ ಎರಡು ತಂತಿ ಸೇರಿಲ್ಲ ಕಣೋ.'

ತಲೆಯನ್ನು ಮೇಜಿನಡಿ ಹಾಕಿದ ಮೇಲೆ ನನಗೂ ಕೇಳಿಸಿತು: ತೀರಾ ಸಣ್ಣಗೆ, ವೊಂವ್... ವೊಂವ್... ಎಂಬ ಅಲೆ. ತಂಬೂರಿಯ ಸಾರಣಿ ಅನುಸಾರಣಿಗಳು ಹತ್ತಿರ ಬಂದೂ ಕೂಡದಿದ್ದಾಗ ಏಳುವ ಅಲೆಯೇ ಇದು. ಪರದೆ ನೋಡಿದರೆ ಒಂದು ಗೂಬೆ 600, ಇನ್ನೊಂದು 610. ಒಂಬತ್ತು ರೆಕ್ಕೆಯ ಲೆಕ್ಕದಲ್ಲಿ ಸೆಕೆಂಡಿಗೆ 90, 91.5. ವ್ಯತ್ಯಾಸ ಒಂದೂವರೆ, ಸೆಕೆಂಡಿಗೆ ಒಂದೂವರೆ ಅಲೆ. ತಂಬೂರಿಯಾಗಿದ್ದರೆ ಮಣಿ ಸರಿಸಿ ಎರಡನ್ನೂ ಕೂಡಿಸಬಹುದಿತ್ತು. ಫ್ಯಾನುಗಳು ಹಾಗೆ ಒಂದೇ ಶ್ರುತಿಯಲ್ಲಿ ನಿಲ್ಲುವ ಜಾತಿಯಲ್ಲ. ಉಲ್ಟಾ ಮಾಡಿದೆ, ಹಿಂದಿನದನ್ನು 700ಕ್ಕೆ ಏರಿಸಿ ಎರಡನ್ನೂ ದೂರ ದೂರ ಕೂರಿಸಿದೆ. ಅಲೆ ಹೋಯಿತು.

ಮರುದಿನ ಬೆಳಿಗ್ಗೆ ಪಾಠಕ್ಕೆ ಮುಂಚೆ ಅಮ್ಮ ಕ್ಯಾಬಿನೆಟ್ಟಿನ ಹಿಂದೆ ಅಂಗೈ ಹಿಡಿದು ನೋಡಿದಳು, ಓಡುತ್ತಿದೆಯೋ ಇಲ್ಲವೋ ಎಂದು. ಈಗ ಅದು ದಿನಚರಿಯಾಗಿದೆ. ತಂಬೂರಿ ಹಾಕುವುದು, ಅಂಗೈ ಹಿಡಿಯುವುದು, ಕಾಫಿ.

ಹಳೆಯ ಏಳು ರೆಕ್ಕೆಯದನ್ನು ಎಸೆಯಲು ಅವಳು ಬಿಡಲಿಲ್ಲ. ಕೆಟ್ಟ ರೌಟರಿನ 12 ವೋಲ್ಟ್ ಅಡಾಪ್ಟರಿಗೆ ತಂತಿ ಸುತ್ತಿಸಿಕೊಂಡು ಹಿತ್ತಲಿಗೆ ಒಯ್ದಳು. ಮೊನ್ನೆ ಅರಳು ಸಂಡಿಗೆ ಇಟ್ಟ ಮಧ್ಯಾಹ್ನವೇ ಮೋಡ ಕವಿದಾಗ, ಮೊರವನ್ನು ಒಳಗೆ ತಂದು ಅದರ ಮುಂದೆ ಈ ಫ್ಯಾನ್ ನಿಲ್ಲಿಸಿದ್ದಳು. ಅಡ್ಡ ಹಿಡಿಯಲು ಯಾರೂ ಇಲ್ಲದೆ ಪೂರ್ತಿ 12 ವೋಲ್ಟಿನಲ್ಲಿ ಓಡುತ್ತ, ಅದು ಪ್ರತಿಮಧ್ಯಮವನ್ನು ದಾಟಿ ಪಂಚಮದ ಹತ್ತಿರ ಎಲ್ಲೋ ಅಲೆಯುತ್ತಿತ್ತು. ಅಮ್ಮ ಸಂಡಿಗೆ ಮಗುಚುತ್ತ ಅದನ್ನು ತಿದ್ದಿ ಹಾಡಿಕೊಳ್ಳುತ್ತಿದ್ದಳು.