ಗುಲ್ಮ, ಜಠರಗಳ ಅಪಧಮನಿಗಳು: ಚಾರ್ಟಿನಲ್ಲಿ ಒಂದು, ದೇಹದಲ್ಲಿ ಹಲವು

ಲಕ್ಷ್ಮೇಶ್ವರದ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ರಕ್ತಪರಿಚಲನೆಯ ಅಭ್ಯಾಸ ಪಾಠ ಮಾಡುತ್ತಿದ್ದೆ. ಅಪಧಮನಿ ಹೇಗೆ ಕವಲೊಡೆಯುತ್ತದೆ ಎಂದು ತೋರಿಸಲು ಪಠ್ಯದಲ್ಲಿಲ್ಲದ ಚಾರ್ಟೊಂದನ್ನು ಬರೆದುಕೊಂಡು ಹೋಗಿದ್ದೆ. ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತ ಒಯ್ಯುವ ನಾಳಗಳ ಚಿತ್ರವದು. ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಎಲ್ಲಾರ ಹೊಟ್ಟ್ಯಾಗೂ ಹಿಂಗ ಇರ್ತಾವೇನ್ರಿ?” ಎಂದಳು. “ಹೌದು, ಎಲ್ಲರಲ್ಲೂ ಹೀಗೇ” ಎಂದೆ.

ಪಾಠ ಮುಗಿದ ಮೇಲೆ ಅವಳೇ ಬಂದಳು. “ನಮ್ಮಪ್ಪಗ ಸ್ಕ್ಯಾನ್ ಮಾಡಿದಾಗ ಹೊಟ್ಟ್ಯಾಗಿನ ರಕ್ತದ ನರ ಬ್ಯಾರೆ ಕಡಿಂದ ಬಂದೈತಿ ಅಂದ್ರು. ಹಂಗಾದ್ರ ಅದು ರೋಗ ಏನ್ರಿ?” ನನ್ನ ಬಳಿ ಉತ್ತರವಿರಲಿಲ್ಲ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ, ‘ಎಲ್ಲರಲ್ಲೂ ಎಂದಿರಿ; ಪರಿಶೀಲಿಸಿರಿ’ ಎಂದು ಬರೆದಿದ್ದರು. ಪರಿಶೀಲಿಸಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸಾಮಾನ್ಯ ರಚನೆ

ಮಹಾಪಧಮನಿಯು ವಪೆಯನ್ನು ದಾಟಿ ಹೊಟ್ಟೆಗೆ ಇಳಿದೊಡನೆ ಅದರ ಮುಂಭಾಗದಿಂದ ಒಂದೆರಡು ಸೆಂಟಿಮೀಟರ್ ಉದ್ದದ ದಪ್ಪ ಕವಲು ಹೊರಡುತ್ತದೆ. ಇದು ಸೀಲಿಯಾಕ್ ಕಾಂಡ. ಇದರಿಂದ ಮೂರು ಶಾಖೆಗಳು: ಎಡ ಜಠರ ಅಪಧಮನಿ, ಯಕೃತ್ತಿನ ಕಡೆಗೆ ಹೋಗುವ ಅಪಧಮನಿ ಮತ್ತು ಗುಲ್ಮದ ಅಪಧಮನಿ. 1756ರಲ್ಲಿ ಆಲ್ಬ್ರೆಕ್ಟ್ ಫಾನ್ ಹಾಲರ್ ಇದನ್ನು ವಿವರಿಸಿದ್ದರಿಂದ ‘ಹಾಲರನ ಮುಕ್ಕಾಲಿ’ ಎಂಬ ಹೆಸರೂ ಇದೆ. ಗುಲ್ಮದ ಅಪಧಮನಿ ಮೇದೋಜೀರಕ ಗ್ರಂಥಿಯ ಮೇಲಂಚಿನಲ್ಲಿ ಅಂಕುಡೊಂಕಾಗಿ ಸಾಗುತ್ತದೆ, ಜಠರಕ್ಕೂ ಸಣ್ಣ ಶಾಖೆಗಳನ್ನು ಕೊಡುತ್ತದೆ, ಗುಲ್ಮವನ್ನು ಹೊಗುವ ಮೊದಲು ಹೆಚ್ಚಾಗಿ ಎರಡು ಮೂರು ಕವಲಾಗುತ್ತದೆ.

ಭಿನ್ನತೆ

ಈ ಮೂರು ಶಾಖೆಗಳ ರಚನೆ ಹೆಚ್ಚಿನವರಲ್ಲಿ ಇದೆ, ಎಲ್ಲರಲ್ಲೂ ಇಲ್ಲ. ಕೆಲವರಲ್ಲಿ ಎಡ ಜಠರ ಅಪಧಮನಿ ನೇರವಾಗಿ ಮಹಾಪಧಮನಿಯಿಂದಲೇ ಹೊರಡುತ್ತದೆ. ಕೆಲವರಲ್ಲಿ ಗುಲ್ಮದ ಅಪಧಮನಿಯು ಕರುಳಿಗೆ ಹೋಗುವ ಅಪಧಮನಿಯಿಂದ ಹುಟ್ಟುತ್ತದೆ. ಅಪರೂಪಕ್ಕೆ ಎಲ್ಲವಕ್ಕೂ ಒಂದೇ ಕಾಂಡ. ಜಪಾನಿನ ಅದಾಚಿ 1928ರಲ್ಲಿ 252 ದೇಹಗಳ ಅಧ್ಯಯನದಿಂದ ಇವನ್ನು 6 ವಿಧ, 28 ರೂಪಗಳಾಗಿ ವಿಂಗಡಿಸಿದರು. ನಮ್ಮ ಮಣಿಪಾಲದ ಅಂಗರಚನಾ ವಿಭಾಗದವರೂ ಇಂಥ ಭಿನ್ನತೆಗಳ ವರದಿಗಳನ್ನು ಪ್ರಕಟಿಸಿದ್ದಾರೆ.

ಕಾರಣ ಭ್ರೂಣಾವಸ್ಥೆಯಲ್ಲಿದೆ. ಆಗ ಮಹಾಪಧಮನಿಯ ಮುಂಭಾಗದಲ್ಲಿ ಅನೇಕ ಕವಲುಗಳಿದ್ದು, ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಬೆಳವಣಿಗೆಯಲ್ಲಿ ಹಲವು ಅಳಿಯುತ್ತವೆ. ಯಾವುದು ಉಳಿಯಿತು ಎಂಬುದರ ಮೇಲೆ ರಚನೆ ನಿರ್ಧಾರವಾಗುತ್ತದೆ. ಆದ್ದರಿಂದ ಇದು ರೋಗವಲ್ಲ. ಅಂಗಕ್ಕೆ ರಕ್ತ ತಲುಪುತ್ತಲೇ ಇರುತ್ತದೆ. ಆದರೆ ಶಸ್ತ್ರಚಿಕಿತ್ಸಕರಿಗೆ ಇದು ಮೊದಲೇ ತಿಳಿದಿರಬೇಕು. ತಿಳಿಯದೆ ಬೇರೆ ನಾಳವನ್ನು ಕಟ್ಟಿದರೆ ಅಪಾಯ. ಸ್ಕ್ಯಾನ್ ನೋಡಿ ವೈದ್ಯರು ಹೇಳಿದ್ದು ಎಚ್ಚರಿಕೆಯ ಮಾತು.

ಮರುಪಾಠ

ಮುಂದಿನ ಅವಧಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ಎರಡೂ ಕೈಗಳ ಹಿಂಭಾಗ ನೋಡಲು ಹೇಳಿದೆ. ಅಲ್ಲಿ ಕಾಣುವವು ಅಭಿಧಮನಿಗಳು, ಆದರೂ ತತ್ವ ಅದೇ. ಒಬ್ಬರದೇ ಎಡಗೈ, ಬಲಗೈಗಳ ವಿನ್ಯಾಸ ಒಂದೇ ಆಗಿರಲಿಲ್ಲ. ಬಳಿಕ ಕೇಳಿದೆ: “ಇಲ್ಲಿಂದ ಗದಗಕ್ಕೆ ಹೇಗೆ ಹೋಗುತ್ತೀರಿ?” ಕೆಲವರು ಮುಳಗುಂದದ ಮೇಲೆ ಎಂದರು, ಕೆಲವರು ಶಿರಹಟ್ಟಿ ಮೇಲೆ. ಊರು ಒಂದೇ, ದಾರಿ ಬೇರೆ. ಮನೆಯಲ್ಲಿ ‘ನರ’ ಎನ್ನುವುದು ಇಲ್ಲಿ ರಕ್ತನಾಳ, ಪಠ್ಯದ ನರ ಬೇರೆ ಎಂಬುದನ್ನೂ ಕಪ್ಪುಹಲಗೆಯ ಮೇಲೆ ಬರೆದೆ.

ಆ ಹುಡುಗಿಗೆ, “ಅದು ರೋಗ ಅಲ್ಲವ್ವಾ, ಹುಟ್ಟಿನಿಂದ ಬಂದ ರಚನೆ. ಅಪ್ಪನ ಚಿಕಿತ್ಸೆ ಬಗ್ಗೆ ಮಾತ್ರ ಡಾಕ್ಟರನ್ನೇ ಕೇಳ್ರಿ” ಎಂದೆ. “ಅವ್ವಗ ಹೇಳ್ತೀನ್ರಿ ಸರ್” ಎಂದು ಹೋದಳು.

ಈಗ ನನ್ನ ಪಾಠಯೋಜನೆಯಲ್ಲಿ ದೇಹರಚನೆಯ ಪ್ರತಿ ಚಿತ್ರದ ಕೆಳಗೆ ‘ಹೆಚ್ಚಿನವರಲ್ಲಿ’ ಎಂದು ಬರೆಯುತ್ತೇನೆ. ಸಹ ಪ್ರಶಿಕ್ಷಣಾರ್ಥಿಗಳೂ ಹಾಗೆಯೇ ಬರೆಯಬೇಕೆಂದು ನನ್ನ ಕೋರಿಕೆ. ಚಾರ್ಟಿನಂತಿಲ್ಲದ ದೇಹವೂ ತರಗತಿಯಲ್ಲಿ ಯಾರದೋ ಮನೆಯಲ್ಲಿ ಇರುತ್ತದೆ.